ರಾಷ್ಟ್ರನೀತಿ ಮತ್ತು ಭಾವನ ಬ್ರೇಕು

ನನಗೆ ಕಾರು ಓಡಿಸಲು ಬರುವುದಿಲ್ಲ. ಆದರೆ ದೇಶದ ಸಾರಿಗೆ ನೀತಿ ಹೇಗಿರಬೇಕು ಎಂಬ ಬಗ್ಗೆ ನನಗೆ ಖಚಿತವಾದ ಅಭಿಪ್ರಾಯಗಳಿವೆ. ಅವುಗಳಲ್ಲಿ ಹೆಚ್ಚಿನವು ಹುಟ್ಟಿದ್ದು ನನ್ನ ಭಾವನ ಕಾರಿನ ಹಿಂದಿನ ಸೀಟಿನಲ್ಲಿ.

ಭಾವ ಎಂದರೆ ಅಕ್ಕನ ಗಂಡ. ಅವರದು ಡ್ರೈವಿಂಗ್ ಸ್ಕೂಲು. ಸ್ಕೂಲು ಎಂದರೆ ಒಂದು ಹಳೆಯ ಬಿಳಿ ಕಾರು, ಅದರ ನೆತ್ತಿಯ ಮೇಲೆ ತಗಡಿನ ಬೋರ್ಡು, ಒಳಗೆ ಭಾವ. ಇಂಥ ಕಾರಿನಲ್ಲಿ ಕಲಿಯುವವರ ಕಾಲಡಿ ಇರುವಂತೆಯೇ ಕಲಿಸುವವರ ಕಾಲಡಿಯಲ್ಲೂ ಒಂದು ಕ್ಲಚ್ಚು, ಒಂದು ಬ್ರೇಕು ಇರುತ್ತವೆ. ಕಲಿಯುವವರು ಗಾಬರಿಯಾಗಿ ಕೈಬಿಟ್ಟರೆ ಕಲಿಸುವವರು ಕಾಲಿಟ್ಟು ಕಾಪಾಡಲಿ ಎಂಬ ಉದ್ದೇಶದಿಂದ ಹಾಕಿದ್ದು. ಭಾವ ಆ ಬ್ರೇಕನ್ನು ಇನ್ನೊಂದು ಕೆಲಸಕ್ಕೂ ಬಳಸುತ್ತಿದ್ದರು. ಅದು ಗೊತ್ತಾಗಲು ನನ್ನಂಥ ವಿಜ್ಞಾನ ಪದವೀಧರನಿಗೆ ಇಷ್ಟು ವರ್ಷ ಬೇಕಾಯಿತು.

ಸ್ಕೂಲು ಶುರುಮಾಡುವ ಮೊದಲು ಭಾವ ಲಾರಿ ಓಡಿಸುತ್ತಿದ್ದರು. ದೂರದ ದಾರಿ, ಒಬ್ಬರೇ, ಜೊತೆಗೆ ರೇಡಿಯೋ. ರೇಡಿಯೋ ಹೊತ್ತು ಹೊತ್ತಿಗೆ ವಾರ್ತೆ ಹೇಳುತ್ತಿತ್ತು. ಬಜೆಟ್ಟು ಹೀಗಂತೆ, ಮಸೂದೆ ಹಾಗಂತೆ, ಮಂತ್ರಿಗಳು ಇಂಥದ್ದಕ್ಕೆ ಒಪ್ಪಿದರಂತೆ, ಅಂಥದ್ದಕ್ಕೆ ಒಪ್ಪಲಿಲ್ಲವಂತೆ. ಭಾವ ಪ್ರತಿಯೊಂದಕ್ಕೂ ಉತ್ತರ ಕೊಡುತ್ತಿದ್ದರು. ರೇಡಿಯೋ ಕೇಳಿಸಿಕೊಳ್ಳುತ್ತಿರಲಿಲ್ಲ. ಹೀಗೆ ಒಂದು ಲಾರಿ ತುಂಬುವಷ್ಟು ಅಭಿಪ್ರಾಯ ಸಂಗ್ರಹವಾದ ಮೇಲೆ ಅವರಿಗೆ ಸೊಂಟನೋವು ಬಂತು. ಲಾರಿ ಬಿಟ್ಟು ಈ ಕಾರು ಕೊಂಡರು. ಮೊದಲ ದಿನ ಪಕ್ಕದ ಸೀಟಿನಲ್ಲಿ ಒಬ್ಬ ಜೀವಂತ ಮನುಷ್ಯ ಬೆಲ್ಟು ಬಿಗಿದುಕೊಂಡು, ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು, ಓಡಿಹೋಗಲಾರದ ಸ್ಥಿತಿಯಲ್ಲಿ ಕುಳಿತದ್ದನ್ನು ಕಂಡಾಗ ಅವರಿಗೆ ಏನನ್ನಿಸಿರಬೇಕು ಎಂದು ನಾನು ಊಹಿಸಬಲ್ಲೆ.

ಅವರ ಬಳಿ ಕಲಿತವರು ಕ್ಲಚ್ಚು ಗೇರುಗಳ ಜೊತೆಗೆ ದೇಶದ ತೆರಿಗೆ ಪದ್ಧತಿಯನ್ನೂ ಕಲಿತರು. ಬ್ಯಾಂಕಿನ ಒಬ್ಬ ಗುಮಾಸ್ತೆ ರಿವರ್ಸ್ ಹೋಗುವುದನ್ನು ಕಲಿತದ್ದು ನಿವೃತ್ತಿ ವಯಸ್ಸಿನ ಚರ್ಚೆಯ ಮಧ್ಯೆ. ಒಬ್ಬ ಪಶುವೈದ್ಯರು ಏರಿನಲ್ಲಿ ಗಾಡಿ ಹಿಂದಕ್ಕೆ ಜಾರದಂತೆ ನಿಲ್ಲಿಸಲು ಕಲಿಯುವಷ್ಟರಲ್ಲಿ ಎಲ್ಲ ಚುನಾವಣೆಗಳನ್ನೂ ಒಟ್ಟಿಗೆ ನಡೆಸಬೇಕೋ ಬೇಡವೋ ಎಂಬುದೂ ತೀರ್ಮಾನವಾಗಿತ್ತು. ಊರಿನವರು ಆ ಕಾರಿಗೆ ‘ಸಂಸತ್ತು’ ಎಂದು ಹೆಸರಿಟ್ಟಿದ್ದರು. ‘ಅಗೋ, ಸಂಸತ್ತು ಬಂತು, ಪಕ್ಕಕ್ಕೆ ಸರೀರಿ’ ಎನ್ನುತ್ತಿದ್ದರು.

ಸಂಸತ್ತಿಗೆ ವಿರೋಧ ಪಕ್ಷ ಬೇಕಲ್ಲ. ಅದು ನಾನು. ಅಕ್ಕನ ಮನೆಯ ಮಹಡಿ ಕೋಣೆಯಲ್ಲಿ ನನ್ನ ವಾಸ, ಕೆಳಗೆ ಅಕ್ಕ, ಭಾವ, ನಮ್ಮ ಅಮ್ಮ. ನನ್ನ ಕೆಲಸ ಹಾಲಿನ ಡೇರಿಯ ಪ್ರಯೋಗಾಲಯದಲ್ಲಿ. ಬಂದ ಹಾಲಿನಲ್ಲಿ ಎಷ್ಟು ಜಿಡ್ಡು, ಎಷ್ಟು ನೀರು ಎಂದು ನೋಡುವುದು. ನನ್ನ ಮಾತಿನಲ್ಲಿ ಎಷ್ಟು ನೀರಿದೆ ಎಂದು ತೋರಿಸುವ ಉಪಕರಣ ಅಲ್ಲಿಲ್ಲ. ಬೆಳಗಿನ ತರಗತಿ ಡೇರಿಯ ದಾರಿಯಲ್ಲೇ ಹೋಗುತ್ತಿತ್ತು. ಬಿಟ್ಟಿ ಸವಾರಿ, ಜೊತೆಗೆ ವಾದ. ಭಾವ ಏನು ಹೇಳಿದರೂ ನಾನು ಹಿಂದಿನಿಂದ ಅಂಕಿಅಂಶ ಎತ್ತುತ್ತಿದ್ದೆ. ಅವರು ನನ್ನನ್ನು ‘ಸೈಂಟಿಸ್ಟು’ ಎಂದು ಕರೆಯುತ್ತಿದ್ದರು. ಅದು ಬೈಗುಳ ಎಂದು ತಿಳಿದಿದ್ದರೂ ನನಗೆ ಒಳಗೊಳಗೇ ಹಿತವಾಗುತ್ತಿತ್ತು.

ಇಷ್ಟಾದರೂ ಭಾವನ ಹೆಂಡತಿಗೆ, ಅಂದರೆ ನಮ್ಮ ಅಕ್ಕನಿಗೆ, ಕಾರು ಓಡಿಸಲು ಬರುತ್ತಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರಲ್ಲ, ಹಾಗೆ. ಅವಳಿಗೆ ಅದರ ಅಗತ್ಯವೂ ಇರಲಿಲ್ಲ. ಅವಳು ಆರೋಗ್ಯ ಇಲಾಖೆಯ ಕ್ಷೇತ್ರ ನರ್ಸು. ಲಸಿಕೆ ಪೆಟ್ಟಿಗೆ ಹಿಡಿದು ಇಲಾಖೆಯ ವ್ಯಾನಿನಲ್ಲಿ ಹಳ್ಳಿ ಹಳ್ಳಿ ಸುತ್ತುವವಳು. ವ್ಯಾನಿಗೆ ಡ್ರೈವರ್ ಇದ್ದ. ಅವಳು ಹೋದಲ್ಲೆಲ್ಲ ಮಕ್ಕಳು ಅಳುತ್ತಿದ್ದವು, ತಾಯಂದಿರು ನಗುತ್ತಿದ್ದರು. ಆ ಕೆಲಸ ಬಿಟ್ಟು ಬೇರೆ ಕೆಲಸವನ್ನು ಅವಳು ಎಂದೂ ಬಯಸಿದವಳಲ್ಲ.

ಆಗ ಹೊಸ ರಾಷ್ಟ್ರೀಯ ನೀತಿ ಬಂತು. ಖರ್ಚು ಉಳಿಸಲು ಕ್ಷೇತ್ರ ವಾಹನಗಳ ಡ್ರೈವರ್ ಹುದ್ದೆಗಳನ್ನು ರದ್ದುಮಾಡಲಾಗುವುದು. ನರ್ಸುಗಳೇ ವ್ಯಾನು ಓಡಿಸಬೇಕು. ವರ್ಷ ಮುಗಿಯುವುದರೊಳಗೆ ಲೈಸೆನ್ಸ್ ಪಡೆಯದವರನ್ನು ಜಿಲ್ಲಾ ಉಗ್ರಾಣಕ್ಕೆ ವರ್ಗಾಯಿಸಲಾಗುವುದು. ಉಗ್ರಾಣ ಎಂದರೆ ಕಿಟಕಿಯಿಲ್ಲದ ಒಂದು ಕಟ್ಟಡ. ಅಲ್ಲಿ ಕೈಗವಸಿನ ಡಬ್ಬಿಗಳನ್ನು ಎಣಿಸಿ ಇಡಬೇಕು, ಮತ್ತೆ ಎಣಿಸಿ ಕೊಡಬೇಕು.

ಈ ಸುದ್ದಿಯನ್ನು ಅಕ್ಕ ಊಟದ ಹೊತ್ತಿಗೆ ಹೇಳಿದಳು. ಭಾವ ತಟ್ಟೆ ಪಕ್ಕಕ್ಕೆ ಸರಿಸಿದರು.

“ಇದು ತಪ್ಪು ನೀತಿ,” ಅಂದರು. “ಡ್ರೈವರ್ ಅನ್ನೋನು ಡ್ರೈವರ್, ನರ್ಸು ಅನ್ನೋಳು ನರ್ಸು. ನಾಳೆ ಪೈಲಟ್ಟೇ ಕಾಫಿ ಕೊಡಲಿ ಅಂತಾರೆ ಇವರು.”

“ಸಣ್ಣ ವಾಹನಕ್ಕೆ ಪ್ರತ್ಯೇಕ ಡ್ರೈವರ್ ಇಡೋದು ಎಷ್ಟೋ ದೇಶಗಳಲ್ಲಿ ಇಲ್ಲ,” ಎಂದೆ ನಾನು. ಎಷ್ಟು ದೇಶಗಳು ಎಂದು ನನಗೆ ತಿಳಿದಿರಲಿಲ್ಲ. ‘ಎಷ್ಟೋ’ ಎಂಬ ಪದ ಇರುವುದೇ ಅದಕ್ಕೆ.

“ಒಂದ್ನಿಮಿಷ, ಒಂದ್ನಿಮಿಷ. ರದ್ದಾದ ಡ್ರೈವರ್ ಏನು ಮಾಡಬೇಕು ಹೇಳು ಸೈಂಟಿಸ್ಟು.”

“ಅದು ಬೇರೆ ಪ್ರಶ್ನೆ ಭಾವ.”

“ಅದೇ ಪ್ರಶ್ನೆ.”

ನಾವು ಹೀಗೆ ಉದ್ಯೋಗ ನೀತಿಯಿಂದ ವಿತ್ತೀಯ ಕೊರತೆಗೆ, ಅಲ್ಲಿಂದ ಇಂಧನದ ಸಬ್ಸಿಡಿಗೆ ಹೋಗುವಷ್ಟರಲ್ಲಿ ಅಕ್ಕ ತಟ್ಟೆಗಳನ್ನು ಎತ್ತಿ ತೊಳೆದಿಟ್ಟಿದ್ದಳು.

ಅಮ್ಮ ಅಂದಳು, “ಇಬ್ಬರೂ ಸೇರಿ ದೇಶ ರಿಪೇರಿ ಮಾಡಿದ್ದಾದ ಮೇಲೆ ಬಚ್ಚಲು ನಲ್ಲಿ ಕಡೆ ಸ್ವಲ್ಪ ನೋಡಿ. ತಿಂಗಳಿಂದ ಸೋರ್ತಾ ಇದೆ.”

ಅಕ್ಕ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತಳು. “ನಾಳೆಯಿಂದ ನಂಗೆ ಕಲಿಸಿ,” ಎಂದಳು ಭಾವನಿಗೆ. “ನೀತಿ ಸರೀನೋ ತಪ್ಪೋ ನೀವಿಬ್ಬರೂ ಮಾತಾಡ್ಕೊಳ್ಳಿ. ನಾನು ಡಬ್ಬಿ ಎಣಿಸೋಕೆ ಹೋಗಲ್ಲ.”

ಮರುದಿನದಿಂದ ಬೆಳಗಿನ ಮೊದಲ ತರಗತಿ ಅಕ್ಕನದಾಯಿತು. ಅವಳು ಸ್ಟೀರಿಂಗಿನ ಮುಂದೆ, ಭಾವ ಪಕ್ಕದಲ್ಲಿ, ನಾನು ಹಿಂದೆ. ಅವಳು ಬೇಗ ಕಲಿತಳು. ಇಂಜೆಕ್ಷನ್ ಕೊಟ್ಟು ಪಳಗಿದ ಕೈ, ನಡುಗುತ್ತಿರಲಿಲ್ಲ. ಗೇರು ಸದ್ದಿಲ್ಲದೆ ಬೀಳುತ್ತಿತ್ತು. ತಿರುವಿನಲ್ಲಿ ಕಾರು ತಾನಾಗಿ ನಿಧಾನವಾಗಿ, ನಿಲ್ಲಬೇಕಾದ ಕಡೆ ಮೃದುವಾಗಿ ನಿಲ್ಲುತ್ತಿತ್ತು. ಭಾವ ಮತ್ತು ನಾನು ಹೊಸ ನೀತಿಯ ಒಂದೊಂದೇ ಕಲಮನ್ನು ಬಿಡಿಸಿ ಚರ್ಚಿಸುತ್ತಿದ್ದೆವು. ಅಕ್ಕ ನಡುವೆ ಮಾತಾಡುತ್ತಿರಲಿಲ್ಲ. ‘ಎಷ್ಟು ಏಕಾಗ್ರತೆ ನೋಡು’ ಎಂದು ಭಾವ ಹೆಮ್ಮೆಪಟ್ಟರು.

ಪರೀಕ್ಷೆಯ ದಿನ ಬಂತು. ಸಾರಿಗೆ ಕಚೇರಿಯ ಹಿಂದಿನ ಮೈದಾನದಲ್ಲಿ ಸುಣ್ಣದ ಗೆರೆ ಎಳೆದು ಒಂದು ದಾರಿ ಮಾಡಿದ್ದರು. ಕೊನೆಯಲ್ಲಿ ನಿಲ್ಲಬೇಕಾದ ಗೆರೆ, ಅದರಾಚೆ ಹಳೆಯ ಟಯರುಗಳ ಒಂದು ರಾಶಿ. ಪರೀಕ್ಷಾಧಿಕಾರಿ ದಪ್ಪ ಮೀಸೆಯ, ತುಟಿಪಿಟಕ್ಕೆನ್ನದ ಮನುಷ್ಯ. ಭಾವನ ಜಾಗದಲ್ಲಿ ಕುಳಿತು, ಕಾಲುಗಳನ್ನು ಪೆಡಲಿನಿಂದ ದೂರ ಮಡಚಿಕೊಂಡು, ‘ಹೂಂ’ ಅಂದರು. ಭಾವ ಮತ್ತು ನಾನು ಬೇಲಿಯಾಚೆ ನಿಂತಿದ್ದೆವು.

ಅಕ್ಕ ಸುಂದರವಾಗಿ ಹೊರಟಳು. ಎಂಟರ ಆಕಾರದ ತಿರುವನ್ನು ಗೆರೆ ತಾಕದೆ ಸುತ್ತಿದಳು. ಕೊನೆಯ ನೇರ ದಾರಿಗೆ ಬಂದಳು. ನಿಲ್ಲುವ ಗೆರೆ ಬಂತು. ಕಾರು ನಿಲ್ಲಲಿಲ್ಲ. ವೇಗವೇನೂ ಹೆಚ್ಚಿರಲಿಲ್ಲ, ಸಂಜೆ ವಾಯುವಿಹಾರಕ್ಕೆ ಹೊರಟವರ ಹಾಗೆ ಅದು ಗೆರೆ ದಾಟಿ, ಟಯರು ರಾಶಿಯೊಳಗೆ ನಿಧಾನವಾಗಿ ನುಗ್ಗಿತು. ಎಲ್ಲಕ್ಕಿಂತ ಮೇಲಿದ್ದ ಟಯರು ಕೆಳಗೆ ಬಿದ್ದು, ಉರುಳಿಕೊಂಡು ಮೈದಾನ ದಾಟಿ, ಕಚೇರಿಯ ಮೆಟ್ಟಿಲಿಗೆ ಹೋಗಿ ಒರಗಿತು. ಅರ್ಜಿ ಕೊಡಲು ಬಂದವರ ಹಾಗೆ.

ಅಕ್ಕ ಕಾರಿನಿಂದಿಳಿದು ನಮ್ಮ ಕಡೆ ನಡೆದು ಬಂದಳು. ಮುಖದಲ್ಲಿ ಅವಮಾನಕ್ಕಿಂತ ಅಚ್ಚರಿಯೇ ಹೆಚ್ಚಿತ್ತು.

“ನಿಂತ್ಕೊಳ್ಳತ್ತೆ ಅಂದ್ಕೊಂಡೆ,” ಎಂದಳು.

ಮನೆಗೆ ಬರುವಾಗ ಭಾವ ಕಾರಣ ವಿವರಿಸಿದರು. “ಇದೆಲ್ಲ ಮೇಲಿಂದ ಬಂದ ಆದೇಶ. ಇಷ್ಟು ಜನಕ್ಕಿಂತ ಹೆಚ್ಚು ಪಾಸು ಮಾಡಬೇಡಿ ಅಂತ ಇರತ್ತೆ. ಆ ಮೀಸೆಯೋನು ಆ ಪಕ್ಷದೋನು. ನನ್ನ ಹತ್ರ ಕಲಿತೋರು ಯಾರೂ ಮೊದಲನೇ ಸಲಕ್ಕೆ ಪಾಸಾಗಿಲ್ಲ, ಗೊತ್ತಾ ನಿಂಗೆ?”

ಮನೆಯಲ್ಲಿ ಅಮ್ಮ ಇದನ್ನು ಕೇಳಿ, “ಕುಣಿಯಲಾರದವಳು ನೆಲ ಡೊಂಕು ಅಂದಳಂತೆ,” ಎಂದಳು. ಅಕ್ಕನ ಮುಖ ನೋಡಿ, “ನಿನಗಲ್ಲ ಕಣೇ ಹೇಳಿದ್ದು,” ಎಂದು ಸೇರಿಸಿದಳು.

ನನ್ನ ತಲೆಯಲ್ಲಿ ಮಾತ್ರ ಭಾವನ ಕೊನೆಯ ಮಾತು ಉಳಿದುಕೊಂಡಿತು. ಯಾರೂ ಮೊದಲನೆಯ ಸಲಕ್ಕೆ ಪಾಸಾಗಿಲ್ಲ. ಒಬ್ಬಿಬ್ಬರಾದರೆ ಕೈತಪ್ಪು ಎನ್ನಬಹುದು. ಎಲ್ಲರೂ ಎಂದರೆ ಉಪಕರಣದಲ್ಲೇ ದೋಷ. ಹಾಲಿನ ಪ್ರತಿ ಮಾದರಿಯಲ್ಲೂ ಒಂದೇ ಅಂಕಿ ಬಂದರೆ ನಾವು ಹಸುವನ್ನು ಬೈಯುವುದಿಲ್ಲ, ಕೊಳವೆ ತೊಳೆದಿದೆಯೇ ಎಂದು ನೋಡುತ್ತೇವೆ. ಈ ಸರಳ ವಿಷಯ ಹೊಳೆದಾಗ ನನಗೆ ನನ್ನ ಬಗ್ಗೆ ಬಹಳ ಅಭಿಮಾನ ಉಂಟಾಯಿತು. ವರ್ಷಗಟ್ಟಲೆ ಅದೇ ಕಾರಿನ ಹಿಂದಿನ ಸೀಟಿನಲ್ಲಿ ಕುಳಿತೂ ಹೊಳೆಯಲಿಲ್ಲವಲ್ಲ ಎಂಬುದು ಅಭಿಮಾನಕ್ಕೆ ಅಡ್ಡ ಬರಲಿಲ್ಲ.

ಅಕ್ಕನನ್ನು ಅಡಿಗೆಮನೆಯಲ್ಲಿ ಕಂಡು ಕೇಳಿದೆ. “ನಿಲ್ಲಿಸೋಕೆ ಏನು ಮಾಡ್ತೀಯ ನೀನು?”

ಅವಳು ಯೋಚಿಸಿದಳು. “ಕಾಲು ಬ್ರೇಕಿನ ಮೇಲೆ ಇಡ್ತೀನಿ. ಅಷ್ಟರಲ್ಲಿ ನಿಂತಿರತ್ತೆ.”

“ಯಾವಾಗ ನಿಲ್ಲತ್ತೆ?”

“ನೀವು ಮಾತಾಡ್ತಿರ್ತೀರಲ್ಲ. ಒಬ್ಬರದ್ದು ಮುಗಿಯತ್ತೆ ನೋಡು, ಆವಾಗ.”

ಮರುದಿನ ನಾನು ಬಾಗಿಲಿಗೆ ಹಾಕುವ ಒಂದು ಸಣ್ಣ ವಿದ್ಯುತ್ ಗಂಟೆ ತಂದು, ಭಾವನ ಬ್ರೇಕಿನ ಕೆಳಗೆ ಒಂದು ಗುಂಡಿ ಕೂರಿಸಿ, ತಂತಿ ಎಳೆದು ಗಂಟೆಯನ್ನು ಸೀಟಿನಡಿ ಕಟ್ಟಿದೆ. ಅವರ ಕಾಲು ಬ್ರೇಕಿನ ಮೇಲೆ ಬಿದ್ದರೆ ಗಂಟೆ ಸದ್ದು ಮಾಡಬೇಕು. ಭಾವ ನಗುತ್ತ ಒಪ್ಪಿದರು. “ಹಾಕು ಹಾಕು. ನಾನು ಬ್ರೇಕು ಮುಟ್ಟೋದು ಪ್ರಾಣ ಹೋಗೋ ಹಾಗಿದ್ರೆ ಮಾತ್ರ. ಲಾರಿ ಓಡಿಸಿದವನು ನಾನು.”

ಕಾರು ಹೊರಟಿತು. ಬೀದಿಯ ಕೊನೆಯವರೆಗೆ ಎಲ್ಲ ಶಾಂತ.

“ನೋಡಿದ್ಯಾ,” ಎಂದರು ಭಾವ.

“ನಿನ್ನೆ ಪತ್ರಿಕೆಲಿ ಬಂದಿತ್ತು,” ಎಂದೆ ನಾನು. “ಡ್ರೈವರ್ ಹುದ್ದೆ ತೆಗೆದು ಉಳಿಯೋ ಹಣದಲ್ಲಿ ಹೊಸ ಆರೋಗ್ಯ ಕೇಂದ್ರ ಕಟ್ಟಬಹುದಂತೆ.”

“ಒಂದ್ನಿಮಿಷ,” ಎಂದರು ಭಾವ. ಟ್ರಿಣ್.

ಕಾರು ನಯವಾಗಿ ನಿಧಾನವಾಯಿತು. ಭಾವ ಸೀಟಿನಡಿ ನೋಡಿದರು. “ನಿನ್ನ ಸ್ಪ್ರಿಂಗು ಸಡಿಲ ಇದೆ.”

“ಇರಬಹುದು. ಕಟ್ಟಡ ಕಟ್ಟಿದ ಮೇಲೆ ಅಲ್ಲಿ ಕೆಲಸಕ್ಕೆ ಜನ ಬೇಕಲ್ಲ, ಅದಕ್ಕೆ ಆ ಡ್ರೈವರ್‌ಗಳನ್ನೇ ತಗೋಬಹುದು.”

“ಯಾವನಯ್ಯ ತಗೋತಾನೆ?” ಟ್ರಿಣ್. “ಕಟ್ಟಡ ಕಟ್ಟೋರು ಯಾರು?” ಟ್ರಿಣ್. “ಟೆಂಡರ್ ಯಾರಿಗೆ ಹೋಗತ್ತೆ?” ಟ್ರಿಣ್ ಟ್ರಿಣ್.

ನಿಯಮದ ಪ್ರಕಾರ ಒಂದು ಪ್ರಯೋಗದಲ್ಲಿ ಒಂದನ್ನಷ್ಟೇ ಬದಲಾಯಿಸಬೇಕು. ಆದ್ದರಿಂದ ನಾನು ವಿಷಯ ಬದಲಾಯಿಸಿ ಹಾಲಿನ ಜಿಡ್ಡಿನ ಬಗ್ಗೆ ಮಾತಾಡಿದೆ. ಗಂಟೆ ಸುಮ್ಮನಿತ್ತು. ಡೇರಿಯ ಹೊಸ ಮ್ಯಾನೇಜರ್ ಬಗ್ಗೆ ಮಾತಾಡಿದೆ. ಸುಮ್ಮನಿತ್ತು. ನಿವೃತ್ತಿ ವಯಸ್ಸು ಎಂದೆ. ಟ್ರಿಣ್.

ಅಕ್ಕ ಕಾರನ್ನು ರಸ್ತೆಯ ಬದಿಗೆ ತಂದಳು. ನೀರಿನ ಟ್ಯಾಂಕಿನ ಹತ್ತಿರ ಅದು ಸ್ವಲ್ಪ ದೂರ ಉರುಳಿ, ಏರಿಗೆ ಸಿಕ್ಕಿ ತಾನೇ ನಿಂತಿತು. ಅವಳು ಭಾವನ ಕಡೆ ತಿರುಗಿದಳು. ಸಿಟ್ಟಿನ ದನಿಯೇ ಅಲ್ಲ, ಅಳುವ ಮಗುವಿಗೆ ‘ತೋಳು ಕೊಡು’ ಎನ್ನುವ ದನಿ.

“ಕಾಲು ಮೇಲೆತ್ತಿ.”

“ಏನು?”

“ಎರಡೂ ಕಾಲು ಸೀಟಿನ ಮೇಲೆ ಇಟ್ಕೊಳ್ಳಿ. ಚಕ್ಕಂಬಕ್ಕಳ ಹಾಕಿ.”

ಭಾವ ಚಪ್ಪಲಿ ಬಿಟ್ಟು, ಸೊಂಟ ಹಿಡಿದುಕೊಂಡು, ಸೀಟಿನ ಮೇಲೆ ಕಾಲು ಮಡಚಿ ಕುಳಿತರು. ಧ್ಯಾನಕ್ಕೆ ಕುಳಿತವರಿಗೆ ಯಾರೋ ಸೀಟ್ ಬೆಲ್ಟ್ ಕಟ್ಟಿದಂತಿತ್ತು.

“ಈಗ ಮಾತಾಡಿ ಬೇಕಾದಷ್ಟು,” ಎಂದಳು ಅಕ್ಕ. ಕಾರು ಹೊರಟಿತು.

ಭಾವ ಬಾಯಿ ತೆರೆದರು. “ಈ ಟೆಂಡರ್ ಅನ್ನೋದು...” ಎಂದರು. ನಿಲ್ಲಿಸಿದರು. ಮತ್ತೆ, “ಅಲ್ಲಯ್ಯ, ಮೂಲ ಪ್ರಶ್ನೆ ಏನಂದ್ರೆ...” ಎಂದರು. ಪ್ರಶ್ನೆ ಬರಲಿಲ್ಲ. ಅವರ ಮೊಣಕಾಲು ಮಾತ್ರ ಗಾಳಿಯಲ್ಲಿ ಒಂದೆರಡು ಸಲ ಅದುರಿತು. ಆಮೇಲೆ ಬಹಳ ಸಣ್ಣ ದನಿಯಲ್ಲಿ, “ಕಾಲು ಕೆಳಗಿಲ್ದೆ ಮಾತೇ ಬರ್ತಿಲ್ಲ ಕಣೇ,” ಎಂದರು.

ಅಕ್ಕ ನಗಲಿಲ್ಲ. ನನಗೆ ಮಾತ್ರ ಗೆದ್ದ ಸಂತೋಷ. ಆಡಳಿತ ಪಕ್ಷ ಬಾಯಿ ಮುಚ್ಚಿದೆ, ಸಭೆ ಪೂರ್ತಿ ನನ್ನದು. ಹೊಸ ನೀತಿಯ ಸಮರ್ಥನೆಗೆ ನಾನು ಎಷ್ಟೋ ದಿನದಿಂದ ಕೂಡಿಟ್ಟುಕೊಂಡಿದ್ದ ವಾದಗಳನ್ನು ಒಂದೊಂದಾಗಿ ಬಿಡಿಸತೊಡಗಿದೆ. ಮೊದಲ ವಾದ ಮುಗಿದಾಗ ಕಾರು ಮುಗ್ಗರಿಸಿ ನಿಂತಿತು. ನಡುರಸ್ತೆಯಲ್ಲಿ. ಹಿಂದಿದ್ದ ಸೈಕಲ್ ಸವಾರ ನಮ್ಮ ಡಿಕ್ಕಿಯ ಮೇಲೆ ಕೈಯೂರಿ, ನಮ್ಮ ಮನೆತನದ ಬಗ್ಗೆ ಒಂದು ಮಾತು ಹೇಳಿ ಹೋದ.

“ಯಾಕೆ ನಿಲ್ಲಿಸಿದೆ?” ಎಂದು ಕೇಳಿದೆ.

“ನೀನು ಮುಗಿಸಿದ್ಯಲ್ಲ,” ಎಂದಳು ಅಕ್ಕ. ಅಂದವಳಿಗೇ ಅಚ್ಚರಿಯಾಯಿತು. ಈ ಸಲ ಬ್ರೇಕು ಒತ್ತಿದ್ದು ಅವಳೇ. ಭಾವನ ಕಾಲಿಗೆ ಬಿದ್ದಿದ್ದ ಅಭ್ಯಾಸ ಅವಳ ಕಾಲಿಗೂ ಅಂಟಿತ್ತು.

ಅವಳು ಕನ್ನಡಿಯಲ್ಲಿ ನನ್ನನ್ನು ನೋಡಿದಳು. “ಇಳಿ,” ಎಂದಳು.

“ಇಲ್ಲೇ?”

“ಇಲ್ಲೇ. ನಾಳೆಯಿಂದ ಬಸ್ಸಿಗೆ ಹೋಗು.”

ಹೀಗೆ ನಾನು ನೀರಿನ ಟ್ಯಾಂಕಿನಾಚೆಯ ರಸ್ತೆಯಲ್ಲಿ ಇಳಿದೆ. ರಾಷ್ಟ್ರೀಯ ನೀತಿಯ ಸಮರ್ಥನೆ ಇನ್ನೂ ಅರ್ಧ ಉಳಿದಿತ್ತು. ಡೇರಿ ದೂರವಿತ್ತು. ಸಾರ್ವಜನಿಕ ಸಾರಿಗೆ ದೇಶದ ಬೆನ್ನೆಲುಬು ಎಂದು ನಾನು ಭಾವನ ಜೊತೆ ಎಷ್ಟೋ ಸಲ ವಾದಿಸಿದ್ದೆ. ಆ ದಾರಿಯಲ್ಲಿ ಬಸ್ಸು ಓಡುವುದಿಲ್ಲ, ಡೇರಿಯ ಬಸ್ಸು ಮನೆಯ ಕಡೆಯಿಂದ ಬೇರೆ ದಾರಿ ಸುತ್ತಿ ಹೋಗುತ್ತದೆ ಎಂಬುದು ಅವತ್ತು ತಿಳಿಯಿತು.

ಮುಂದಿನ ಪಾಠಗಳು ಇಬ್ಬರ ನಡುವೆಯೇ ನಡೆದವು. ಭಾವ ದಿನವೂ ಚಕ್ಕಂಬಕ್ಕಳ ಹಾಕಿ, ಕಿಟಕಿಯ ಕಡೆ ಮುಖ ಮಾಡಿ, ಮೌನವಾಗಿ ಹೋಗಿ ಮೌನವಾಗಿ ಬರುತ್ತಿದ್ದರು. ‘ಸಂಸತ್ತು ಮುಂದೂಡಿದ್ದಾರಾ’ ಎಂದು ಅಂಗಡಿಯವರು ಕೇಳತೊಡಗಿದರು. ಉಳಿದ ಮಾತನ್ನೆಲ್ಲ ಅವರು ಮನೆಗೆ ತಂದು ಅಮ್ಮನ ಮುಂದೆ ಸುರಿಯುತ್ತಿದ್ದರು. ಅಮ್ಮ ಎಲ್ಲವನ್ನೂ ಕೇಳಿ ಕೊನೆಗೆ, “ಅದೆಲ್ಲ ಇರಲಿ ಅಳಿಯಂದಿರೇ, ನಲ್ಲಿ,” ಎನ್ನುತ್ತಿದ್ದಳು. ಒಂದು ದಿನ ಅವರು ನಲ್ಲಿ ಸರಿ ಮಾಡಿಬಿಟ್ಟರು. ಮನೆಯ ಪರಿಸ್ಥಿತಿ ಎಷ್ಟು ಗಂಭೀರವಾಗಿದೆ ಎಂದು ನನಗೆ ಆಗ ಗೊತ್ತಾಯಿತು.

ಎರಡನೆಯ ಪರೀಕ್ಷೆಗೆ ಮುಂಚಿನ ಬೆಳಿಗ್ಗೆ ಭಾವ ಅಂಗಳದಲ್ಲಿ ಕಾರು ತೊಳೆಯುತ್ತಿದ್ದರು. ನಾನು ಬಸ್ಸಿಗೆ ಹೊರಟವನು ಗೇಟಿನ ಬಳಿ ನಿಂತೆ. ಇದು ವರ್ಷದ ಕೊನೆಯ ಪರೀಕ್ಷೆ. ಇದು ತಪ್ಪಿದರೆ ಉಗ್ರಾಣವೇ ಗತಿ.

“ಚೆನ್ನಾಗಿ ಓಡಿಸ್ತಾಳಾ?” ಎಂದೆ.

“ಓಡಿಸ್ತಾಳೆ. ನನಗಿಂತ ಚೆನ್ನಾಗಿ ನಿಲ್ಲಿಸ್ತಾಳೆ.” ಬಟ್ಟೆ ಹಿಂಡಿದರು. “ಆದ್ರೂ ಆ ನೀತಿ ತಪ್ಪು.”

“ಯಾಕೆ ಭಾವ? ರದ್ದಾದ ಡ್ರೈವರ್‌ಗೆ ಪಿಂಚಣಿ ಕೊಟ್ಟಿದ್ದಾರೆ. ಟೆಂಡರ್ ಇನ್ನೂ ಕರೆದೇ ಇಲ್ಲ. ಉಳಿದ ಯಾವ ವಾದ ಇದೆ?”

ಅವರು ಬಾನೆಟ್ಟಿನ ಮೇಲೆ ಒರೆಸಿದ ಜಾಗವನ್ನೇ ಮತ್ತೆ ಒರೆಸಿದರು. “ಆ ಕಲ್ಲುಗಣಿ ರಸ್ತೆ ಇದೆಯಲ್ಲ. ಅವಳ ಹಳ್ಳಿಗಳೆಲ್ಲ ಆ ಕಡೆಗೇ. ಆ ರಸ್ತೇಲಿ ಕಲ್ಲು ಲಾರಿಯೋರು ಹೆಂಗೆ ಬರ್ತಾರೆ ಅಂತ ನಂಗೊತ್ತು. ನಾನೇ ಹಂಗೆ ಬರ್ತಿದ್ದೆ.” ಬಕೆಟ್ಟಿನ ನೀರು ಚೆಲ್ಲಿದರು. “ಅವಳೊಬ್ಬಳೇ ಇರ್ತಾಳೆ.”

ನನ್ನ ಬಳಿ ಅಪಘಾತಗಳ ಅಂಕಿಅಂಶ ಇತ್ತು. ಆ ರಸ್ತೆಯದ್ದೂ ಇತ್ತು, ಅಷ್ಟೇನೂ ಭಯಪಡುವಂಥದ್ದಲ್ಲ. ಬಾಯಿವರೆಗೆ ಬಂದಿತ್ತು. ಅಷ್ಟರಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಅದು ನನ್ನ ಬಸ್ಸಲ್ಲ. ಆದರೂ ಓಡಿದೆ.

ಪರೀಕ್ಷೆಗೆ ನಾನು ರಜೆ ಹಾಕಿ ಹೋದೆ. ಭಾವ ಮತ್ತು ನಾನು ಬೇಲಿಯಾಚೆ, ಹೋದ ಸಲದ ಜಾಗದಲ್ಲೇ ನಿಂತೆವು. ಟಯರುಗಳನ್ನು ಈ ಸಲ ಹಗ್ಗ ಹಾಕಿ ಕಟ್ಟಿದ್ದರು. ಅದೇ ಮೀಸೆಯ ಅಧಿಕಾರಿ. ಆದರೆ ಅವತ್ತು ಅವರಿಗೆ ಏನಾಗಿತ್ತೋ, ಕಾರು ಹತ್ತುವ ಮೊದಲೇ ಮಾತಾಡುತ್ತಿದ್ದರು. ಹತ್ತಿದ ಮೇಲೂ ಮೀಸೆ ಅಲ್ಲಾಡುತ್ತಲೇ ಇರುವುದು ಗಾಜಿನಿಂದ ಕಾಣುತ್ತಿತ್ತು.

“ಅಯ್ಯೋ, ಮಾತಾಡ್ತಿದಾನೆ,” ಎಂದರು ಭಾವ. ಬೇಲಿಯ ತಂತಿ ಹಿಡಿದರು. “ಮಾತು ನಿಲ್ಲಿಸಿದ ಕೂಡಲೆ ಇವಳು ಬ್ರೇಕ್ ಹಾಕಿಬಿಟ್ರೆ?”

ನಾನು ಸಮಾಧಾನ ಹೇಳಬೇಕಿತ್ತು. “ಸಾಧ್ಯತೆ ಇದೆ,” ಎಂದೆ. ವೈಜ್ಞಾನಿಕ ಶಿಸ್ತು ಒಮ್ಮೆ ಹಿಡಿದರೆ ಬಿಡುವುದಿಲ್ಲ.

ಕಾರಿನೊಳಗೆ ನಡೆದದ್ದನ್ನು ಅಕ್ಕ ಆಮೇಲೆ ಹೇಳಿದಳು. ಎಂಟರ ತಿರುವಿನಲ್ಲಿ ಅಧಿಕಾರಿ ಕೇಳಿದರಂತೆ, “ನೀವು ನರ್ಸಾ? ಹೌದಾ? ಈ ಹೊಸ ನೀತಿ ಬಗ್ಗೆ ನಿಮ್ಮ ಅಭಿಪ್ರಾಯ ಏನಮ್ಮ? ನಮ್ಮ ಮನೇಲಿ ನಂಗೂ ನಮ್ಮ ಮಾವನಿಗೂ ಇದೇ ಜಗಳ.”

“ನಿಲ್ಲಿಸಿ ಹೇಳ್ಲಾ ಸಾರ್, ಓಡಿಸ್ತಾ ಹೇಳ್ಲಾ?”

“ಓಡಿಸ್ತಾ ಹೇಳಿ, ಪರವಾಗಿಲ್ಲ.”

“ಓಡಿಸ್ತಾ ನಂಗೆ ಅಭಿಪ್ರಾಯ ಇರಲ್ಲ ಸಾರ್,” ಎಂದಳಂತೆ ಅಕ್ಕ.

ಅಧಿಕಾರಿ ಆಮೇಲೂ ಮಾತಾಡಿದರು, ನಿಲ್ಲಿಸಿದರು, ಮತ್ತೆ ಮಾತಾಡಿದರು. ಅವರ ಮಾವ ಎಂಥ ಮೂರ್ಖ ಎಂಬುದು ಮುಗಿದು, ಸರ್ಕಾರ ಎಂಥದ್ದು ಎಂಬುದು ಅರ್ಧದಲ್ಲಿದ್ದಾಗ ನಿಲ್ಲುವ ಗೆರೆ ಬಂತು. ಕಾರು ಗೆರೆಯ ಮೇಲೆ ನಿಂತಿತು. ಮಾತು ಇನ್ನೂ ಸ್ವಲ್ಪ ದೂರ ಹೋಯಿತು.

ಬೇಲಿಯಾಚೆ ಭಾವ ತಂತಿ ಬಿಟ್ಟು ಅಂಗೈ ನೋಡಿಕೊಂಡರು. ಅಲ್ಲಿ ಎರಡು ಕೆಂಪು ಗುರುತು ಮೂಡಿದ್ದವು.

ಲೈಸೆನ್ಸ್ ಕೈಗೆ ಬಂದ ವಾರವೇ ಇಲಾಖೆ ವ್ಯಾನಿನ ಕೀಲಿಯನ್ನು ಅಕ್ಕನಿಗೆ ಕೊಟ್ಟಿತು. ಮೊದಲ ದಿನ ಅವಳು ಬೆಳಿಗ್ಗೆ ಹೊರಟಳು. ಭಾವ ಅವತ್ತು ಎರಡು ತರಗತಿ ರದ್ದುಮಾಡಿ ಮನೆಯಲ್ಲೇ ಇದ್ದರು. ರೇಡಿಯೋ ಹಾಕಲಿಲ್ಲ. ಸಂಜೆ ನಾನು ಬಂದಾಗ ಅವರು ಗೇಟಿಗೆ ಒರಗಿ ನಿಂತಿದ್ದರು. ನಾನೂ ನಿಂತೆ. ಹೊಸ ಬಜೆಟ್ಟಿನ ಸುದ್ದಿ ಬಂದಿತ್ತು. ಇಬ್ಬರೂ ಅದರ ಬಗ್ಗೆ ಮಾತಾಡಲಿಲ್ಲ.

ವ್ಯಾನು ಬೀದಿಯ ತಿರುವಿನಲ್ಲಿ ಕಾಣಿಸಿತು. ಮೈಪೂರ್ತಿ ಕಲ್ಲುಗಣಿಯ ಬಿಳಿ ಧೂಳು. ಗೇಟಿನ ಮುಂದೆ ಬಂದು ನಿಂತಿತು. ಅಕ್ಕ ಕಿಟಕಿಯಿಂದ ತಲೆ ಹೊರಹಾಕಿದಳು.

“ವ್ಯಾನು ರಾತ್ರಿ ಮನೆ ಹತ್ರ ಇಟ್ಕೋಬೇಕಂತೆ. ಔಷಧಿ ಇರತ್ತೆ. ನಿಮ್ಮ ಕಾರು ತೆಗೀರಿ.”

ಭಾವ ಏನೋ ಹೇಳಲು ಬಾಯಿ ತೆರೆದರು. ಸರ್ಕಾರಿ ಆಸ್ತಿಯನ್ನು ಖಾಸಗಿ ಜಾಗದಲ್ಲಿ ಇಡುವುದರ ಬಗ್ಗೆ ಅವರಿಗೆ ಒಂದು ನಿಲುವಿತ್ತು. ನನಗೂ ಇತ್ತು. ಅಮ್ಮ ಬಾಗಿಲಲ್ಲಿ ನಿಂತು ನಮ್ಮಿಬ್ಬರನ್ನೂ ನೋಡಿದಳು. ಭಾವ ಕೀಲಿ ತಂದು, ಸಂಸತ್ತನ್ನು ಅಂಗಳದಿಂದ ಹೊರಗೆ ತೆಗೆದು ರಸ್ತೆಯ ಬದಿಗೆ ನಿಲ್ಲಿಸಿದರು.

ಅಂಗಳ ಇಕ್ಕಟ್ಟು. ಒಂದು ಕಡೆ ಗೋಡೆ, ಇನ್ನೊಂದು ಕಡೆ ನೀರಿನ ತೊಟ್ಟಿ. ಅಕ್ಕ ವ್ಯಾನನ್ನು ತಿರುಗಿಸಿ ಹಿಂದಕ್ಕೆ ತರತೊಡಗಿದಳು. ಭಾವ ಅಂಗಳದ ಕೊನೆಗೆ ಓಡಿಹೋಗಿ, ಗೋಡೆಗೆ ಬೆನ್ನು ಹಚ್ಚಿ ನಿಂತು, ಕೈ ಬೀಸಿದರು.

“ಬಾ,” ಎಂದರು. “ಬಾ. ಬಾ. ಎಡಕ್ಕೆ. ಬಾ.”

ವ್ಯಾನು ಅವರ ಹತ್ತಿರ ಹತ್ತಿರ ಬಂತು. ಹಿಂಬದಿಯ ಧೂಳು ಹಿಡಿದ ಬಾಗಿಲು ಅವರ ಮುಖದ ಮುಂದೆ ಬಂತು. ಅವರು ಕದಲಲಿಲ್ಲ. ಕೈ ಮಾತ್ರ ಬೀಸುತ್ತಲೇ ಇತ್ತು.

ಅವರು ‘ಸಾಕು’ ಅನ್ನುವ ಮೊದಲೇ ವ್ಯಾನು ನಿಂತಿತು.

ಸ್ವಲ್ಪ ಹೊತ್ತು ಬಿಟ್ಟು, ಇಂಜಿನ್ ಆರಿದ ಮೇಲೆ, ಭಾವ “ಸಾಕು” ಎಂದರು.